ಅಂಚಿನ ಕಪ್ಪು ಗೆರೆ

ದಾಂಡೇಲಿಯ ಲಾಡ್ಜೊಂದರ ಹಾಲಿನಲ್ಲಿ ಹಳೇ ಸಾಮಾನುಗಳ ಹರಾಜಿತ್ತು. ಗಣೇಶಗುಡಿ ಕಡೆಯ ಯಾವುದೋ ಬಂಗಲೆ ಖಾಲಿಯಾಗಿ, ಅಲ್ಲಿದ್ದ ಬೆಳ್ಳಿ, ಬಣ್ಣದ ಗಾಜು, ಯಾರ್ಯಾರದೋ ಮಿಲಿಟರಿ ಪದಕಗಳು ಮಾರಾಟಕ್ಕೆ ಬಂದಿದ್ದವು. ನಾನು ಕೊಳ್ಳಲು ಹೋದವಳಲ್ಲ, ಮಾರಲೂ ಅಲ್ಲ. ಅಜ್ಜನ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅದರ ಅಂಚಿನ ಮೇಲಿನ ಹೆಸರನ್ನು ಓದಿಸಲು ಹೋಗಿದ್ದೆ.

ಅಜ್ಜ ಬ್ರಿಟಿಷರ ಕಾಲದಲ್ಲಿ ಸಿಪಾಯಿಯಾಗಿದ್ದ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವನದೊಂದು ಫೋಟೋ ಇಲ್ಲ. ಕಾಗದಪತ್ರಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು. ಹಳಿಯಾಳ ತಾಲೂಕಿನ ನಮ್ಮ ಊರಲ್ಲಿ ಶಾಲೆಯ ಮುಂದೆ, ಸೈನ್ಯಕ್ಕೆ ಹೋದವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತೇವೆ, ಬರಹದ ಪುರಾವೆ ತನ್ನಿ ಎಂದು ಊರ ಹಿರಿಯರು ಕೇಳಿದ್ದರು. ಅಂದಿನಿಂದ ಅಪ್ಪನಿಗೆ ಅದೊಂದೇ ಧ್ಯಾನ. ಕಾಗದ ಕಾರ್ಖಾನೆಯಿಂದ ನಿವೃತ್ತನಾಗಿ ಬಂಗೂರನಗರದಲ್ಲಿ ನನ್ನ ಜೊತೆಗಿದ್ದಾನೆ. ಕಣ್ಣಿಗೆ ಪೊರೆ ಬಂದು, ಪೇಪರಿನ ತಲೆಬರಹವೂ ಕಾಣುವುದಿಲ್ಲ.

“ಅಂಚಿನ ಮ್ಯಾಲೆ ಇಂಗ್ಲೀಷಿನ್ಯಾಗ ಹೆಸರೈತಿ. ಸಾಲಿ ಕಲಿಯೂ ಮುಂದ ನಾನ ಓದೇನಿ. ಭೂತಗನ್ನಡಿ ಹಿಡಿದ್ರ ಈಗೂ ಕಾಣ್ತೈತಿ, ತೋರಿಸಿಕೊಂಡು ಬಾ,” ಎಂದು ಬೆಳಿಗ್ಗೆ ಚಹಾ ಕುಡಿಯಲೂ ಬಿಡದೆ ಕಳಿಸಿದ್ದ.

ಉದ್ದನೆಯ ಮೇಜಿನ ಮೇಲೆ ಬೆಳ್ಳಿಯ ಗುಲಾಬದಾನಿ, ಚಹಾದ ಕಿಟಲಿ, ನೀಲಿ ಗಾಜಿನ ಹೂದಾನಿ, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ನಂಬರಿನ ಚೀಟಿ. ಹೆಂಗಸೊಬ್ಬಳು ಕೆಂಪು ಗಾಜಿನ ಬಟ್ಟಲನ್ನು ಉಗುರಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು. ಮಖಮಲ್ಲಿನ ಮೇಲೆ ಪದಕಗಳು. ಅವು ರೊಟ್ಟಿ ಹಂಚಿನ ಹಾಗೆ ಕಪ್ಪಾಗಿದ್ದವು. ಒಂದಕ್ಕಾದರೂ ಯಾರೂ ಹುಣಸೆಹಣ್ಣು ತೋರಿಸಿರಲಿಲ್ಲ. ನಮ್ಮದು ಕನ್ನಡಿಯಂತೆ ಹೊಳೆಯುತ್ತಿತ್ತು. ನನಗೆ ಸ್ವಲ್ಪ ಜಂಬವೇ ಬಂತೆನ್ನಿ.

ಆ ಹೊಳಪು ಅಜ್ಜಿಯದು. ಖಂಡೇನವಮಿಗೆ ನಮ್ಮ ಮನೆಯಲ್ಲಿ ಕುಡುಗೋಲು, ಕೊಡಲಿ, ಕತ್ತರಿಗಳ ಸಾಲಿನಲ್ಲಿ ಅಜ್ಜನ ಪದಕಕ್ಕೂ ಪೂಜೆ. ಹಿಂದಿನ ದಿನ ಅಜ್ಜಿ ಹುಣಸೆಹಣ್ಣು, ಬೂದಿ ಹಿಡಿದು ಬಚ್ಚಲಲ್ಲಿ ಕೂತಳೆಂದರೆ ಮಧ್ಯಾಹ್ನದ ಊಟ ತಡವೇ. ಗಂಡನ ಹೆಸರನ್ನು ಆಕೆ ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೂ ನನ್ನ ಬೆನ್ನಿಗೆ ತಿವಿದು, “ನೀ ಹೇಳ,” ಎನ್ನುತ್ತಿದ್ದಳು. ಪದಕ ತಿಕ್ಕುವಾಗಲೂ ಪಕ್ಕದಲ್ಲಿ ನಾನೇ ಬೇಕು.

“ಅಂಚಿನ್ಯಾಗ ಕರೇ ಗೆರಿ ಕುಂತಾವ ನೋಡು. ಜೋರಲೆ ತಿಕ್ಕು.”

ನಾನು ತೆಂಗಿನ ನಾರು ಹಿಡಿದು ಉಗುರು ಸವೆಯುವ ಹಾಗೆ ತಿಕ್ಕುತ್ತಿದ್ದೆ. ಆಗ ನಾನು ಮೂರನೇ ಇಯತ್ತೆ. ಇಂಗ್ಲೀಷ್ ಅಕ್ಷರ ಶುರುವಾಗುತ್ತಿದ್ದುದು ಐದಕ್ಕೆ. ವರ್ಷ ವರ್ಷಕ್ಕೆ ಗೆರೆಗಳು ಮಾಸುತ್ತಾ ಬಂದವು. “ನನ್ನ ಮೊಮ್ಮಗಳ ಕೈಯಾಗ ಕಸುವೈತಿ,” ಎಂದು ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ಆಕೆಯ ಒದ್ದೆ ಕೈ ನೆನಪಾಗುತ್ತದೆ.

ಇತ್ತ ಲಾಡ್ಜಿನಲ್ಲಿ ಹರಾಜು ಕೂಗುತ್ತಿದ್ದ ಬೆಳಗಾವಿಯವನು ಒಂದು ಕಪ್ಪು ಪದಕವನ್ನು ಎತ್ತಿ ಹಿಡಿದ. “ಹೆಸರು ನೋಡ್ರಿ, ನಂಬರ್ ನೋಡ್ರಿ, ನಿನ್ನೆ ಕೆತ್ತಿದಂಗೈತಿ!” ಎಂದ. ಕೈಗಳು ಒಂದರ ಮೇಲೊಂದು ಮೇಲೆದ್ದವು. ನನಗೆ ಸಿಟ್ಟು ಬಂತು. ಆ ಹೆಸರಿನವನ ಮೊಮ್ಮಕ್ಕಳು ಎಲ್ಲಿದ್ದಾರೋ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಬಿಡುವಾದಾಗ ನಮ್ಮದನ್ನು ಅವನ ಕೈಗಿಟ್ಟೆ. ಭೂತಗನ್ನಡಿ ಹಿಡಿದು ಅಂಚನ್ನು ಒಂದು ಸುತ್ತು ತಿರುಗಿಸಿದ, ಮತ್ತೊಂದು ಸುತ್ತು ತಿರುಗಿಸಿದ.

“ಬಾಯಾರ, ಇದನ್ನ ಯಾರು ಹಿಂಗ ತಿಕ್ಕ್ಯಾರ್ರಿ? ಒಂದು ಅಕ್ಷರಾನೂ ಉಳದಿಲ್ಲ. ಅಕ್ಷರದಾಗ ಕುಂತ ಕರೇ ಎಂದೂ ತೆಗೀಬಾರ್ದು ನೋಡ್ರಿ. ಈಗಿದು ಬರೇ ಬೆಳ್ಳಿ.”

ಪದಕವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡೆ. ಕಪ್ಪು ಗೆರೆ ಎಂದು ನಾವಿಬ್ಬರೂ ಕೂತು ಅಳಿಸಿದ್ದು ಅಜ್ಜನ ಹೆಸರನ್ನು ಎಂದು ಅಲ್ಲಿ ನಿಂತೇ ಅರ್ಥವಾಯಿತು. ಪಾಪ, ಅಜ್ಜಿಗೆ ಗೊತ್ತಿರಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಪ್ಪನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ತಿಳಿಯಲಿಲ್ಲ.

ಅವನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. “ಸಿಕ್ತೇನು?” ಎಂದ.

“ಇಲ್ಲಪ್ಪಾ. ತಿಕ್ಕಿ ತಿಕ್ಕಿ ಅಳಿಸೇವಿ. ಅಜ್ಜಿ, ನಾನು, ಇಬ್ಬರೂ ಕೂಡಿ.”

ಅಪ್ಪ ಪದಕ ಇಸಿದುಕೊಂಡು ಹೆಬ್ಬೆರಳಿನಿಂದ ಅಂಚನ್ನು ಸವರಿದ. ಬಹಳ ಹೊತ್ತು ಸವರಿದ.

“ನಾ ಹೇಳಿದ್ದೆ ಆಕಿಗೆ,” ಎಂದ. “‘ಅವ್ವಾ, ಅದು ಕರೇ ಅಲ್ಲ, ಅಪ್ಪನ ಹೆಸರು’ ಅಂದಿದ್ದೆ.”

“ಅಂದ್ರ ಆಕಿಗೆ ಗೊತ್ತಿತ್ತೇನು? ಏನಂದ್ಲು?”

“‘ಹೌದೇನು? ಹಂಗಾರ ಇನ್ನಷ್ಟು ಛಲೋ ತಿಕ್ಕಬೇಕು’ ಅಂದ್ಲು.”

ಊರಲ್ಲಿ ಕಲ್ಲು ನಿಂತಿತು. ಅದರಲ್ಲಿ ಅಜ್ಜನ ಹೆಸರಿಲ್ಲ. ಖಂಡೇನವಮಿಯ ಹಿಂದಿನ ದಿನ, ಈ ಸಲ ಪದಕವನ್ನು ತಿಕ್ಕದೆ ಹಾಗೇ ಇಡೋಣ ಎಂದೆ. ಅಪ್ಪ ಕೇಳಲಿಲ್ಲ. ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತು ಕೈ ಚಾಚಿದ.

“ಹುಣಸಿಹಣ್ಣು ತಾ,” ಎಂದ.