ಉಮಾಪತಣ್ಣನ ಡೈನಮೊ ದೀಪ

ಗಿಣಿಗೇರಾದಲ್ಲಿ ಸೈಕಲ್ ರಿಪೇರಿಯ ನೂರಸಾಬ ಅಂದರೆ ನಾನೇ. ನನ್ನ ಬಾಯಿ ಜೋರು ಅನ್ನುವುದೂ ಊರಿಗೆ ಗೊತ್ತು. ಅಂಥದ್ದರಲ್ಲಿ ಐವತ್ತೆರಡು ವರ್ಷದ ಉಮಾಪತಣ್ಣ ಬಂದು, "ನನಗ ಸೈಕಲ್ ಹೊಡಿಯೋದು ಕಲಸೋ" ಅಂದರೆ ಸುಮ್ಮನಿರುತ್ತೇನೆಯೇ?

"ಈಗ್ಯಾಕ್ರಿ ಅಣ್ಣಾರ, ಸಾಲಿಗೆ ಹೆಸರು ಹಚ್ಚೀರೇನು?" ಎಂದೆ.

ಅವನು ನಗಲು ಹೋದ, ಕೆಮ್ಮು ಬಂತು. ಅದು ನಿಲ್ಲುವವರೆಗೆ ನಾನು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ನಿಂತೇ ಇದ್ದೆ.

ಇಪ್ಪತ್ತೆರಡು ವರ್ಷ ಅವನು ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಗುಮಾಸ್ತ. ಕಿಟಕಿ ಸರಿಸಿ ಚೀಟಿ ಕೊಡುವುದು, ಧೂಳು ನುಂಗುವುದು, ಕಿಟಕಿ ಮುಚ್ಚುವುದು. ಬಿದ್ದು ಕೈಕಾಲು ಮುರಿದುಕೊಂಡಾನು ಅಂತ ಅಪ್ಪ ಸೈಕಲ್ ಮುಟ್ಟಗೊಟ್ಟಿರಲಿಲ್ಲ. ಜೀವಮಾನವೆಲ್ಲ ಇನ್ನೊಬ್ಬರ ಕ್ಯಾರಿಯರ್ ಮೇಲೆ ಕೂತು ಓಡಾಡಿದ ಮನುಷ್ಯ. ಈಗ ದಮ್ಮು ಹಿಡಿದು ಕೆಲಸ ಹೋಗಿತ್ತು. ದಿನಾ ಸೈಕಲ್ ತುಳಿದು ಉಸಿರು ಬೆಳೆಸಿಕೊಳ್ಳದಿದ್ದರೆ ಬೇಸಿಗೆಗೆ ಆಕ್ಸಿಜನ್ ಮಷೀನೇ ಗತಿ ಅಂತ ಕೊಪ್ಪಳದ ಡಾಕ್ಟರು ಹೇಳಿದ್ದರಂತೆ.

"ಮೂಗಿಗೆ ನಳಿಗಿ ಹಾಕ್ಕೊಂಡು ಗೋಡಿಗೆ ಕಟ್ಟಿದ ಎಮ್ಮಿಯಂಗ ಇರಾಕ ನನ್ನ ಕೈಲಿ ಆಗಂಗಿಲ್ಲ" ಎಂದ.

ಆಮೇಲೆ ನಾನು ಚೇಷ್ಟೆ ಮಾಡಲಿಲ್ಲ. ಹದಿನೈದು ದಿನ ಕ್ಯಾರಿಯರ್ ಹಿಡಿದು ಹಿಂದೆ ಓಡಿದೆ. ದೀಪಾವಳಿ ಮುಗಿಯುವಷ್ಟರಲ್ಲಿ ಓಣಿಯ ತುದಿಯವರೆಗೆ ಒಬ್ಬನೇ ಹೋಗಿಬಂದ. ಮುಖ ನೋಡಬೇಕಿತ್ತು.

ಅಷ್ಟರಲ್ಲಿ ಚಳಿ ಬಿತ್ತು. ನಮ್ಮ ಕಡೆ ಚಳಿಗಾಲದ ಬೆಳಗೆಂದರೆ ಬರೀ ಮಂಜಲ್ಲ, ಚಿಮಣಿಯ ಹೊಗೆ ಮೇಲೇಳದೆ ಓಣಿಯಲ್ಲೇ ಕೂತುಬಿಡುತ್ತದೆ. ಡಾಕ್ಟರು ಹೊರಗೆ ಬೇಡ, ಮನೆಯೊಳಗೇ ತುಳಿಯಿರಿ ಎಂದರು. ಪಡಸಾಲೆಯಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ಮೇಲೆತ್ತಿ ನಿಲ್ಲಿಸಿದೆ. ಅವನ ಹೆಂಡತಿ ಲಲಿತಕ್ಕ, "ಡೈನಮೊನೂ ಹಚ್ಚಿಬಿಡ್ರಿ ಅಣ್ಣಾ. ದೀಪ ಹತ್ತಿದ್ದು ಅಡಗಿಮನ್ಯಾಗಿಂದ ಕಂಡ್ರ ನನಗ ಜೀವಕ್ಕ ಸಮಾಧಾನ" ಎಂದಳು. ಹಚ್ಚಿಕೊಟ್ಟೆ.

ಅದೇ ತಪ್ಪಾಯಿತು. ಡಾಕ್ಟರ ಮಾತು ಬಿಟ್ಟು ಅವನು ದೀಪವನ್ನೇ ನಂಬಿದ. ಹತ್ತು ನಿಮಿಷ ಉರಿದದ್ದು ಎಂಟಕ್ಕೆ ಬಂತು, ಆಮೇಲೆ ಐದಕ್ಕೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಎಷ್ಟು ತುಳಿದರೂ ಬಲ್ಬಿನ ತಂತಿ ಕೆಂಪಗಾಗುತ್ತಿತ್ತೇ ಹೊರತು ಬೆಳಕಿಲ್ಲ. ಅವನು ಊಟ ಬಿಟ್ಟ. ಲಲಿತಕ್ಕ ಅಂಗಡಿಗೆ ಬಂದು ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಳು.

"ಹೆಂಗಾರ ಮಾಡಿ ಆ ದೀಪ ಹತ್ತಂಗ ಮಾಡ್ರಿ. ಇಲ್ಲಾಂದ್ರ ಇವರು ಉಳಿಯಂಗಿಲ್ಲ."

ನಾನು ಹೋಗಿ, ಗಾಲಿಗೆ ಎಣ್ಣೆ ಬಿಡುವ ನೆವದಲ್ಲಿ, ಹಳೆಯ ಬಲ್ಬು ತೆಗೆದು ಎಲ್ಇಡಿ ಹಾಕಿದೆ. ಅದಕ್ಕೆ ಜೋರು ಬೇಕಿಲ್ಲ, ಗಾಲಿ ತೆವಳಿದರೂ ಹತ್ತುತ್ತದೆ.

ಮರುದಿನ ಪಡಸಾಲೆ ಬೆಳಗಿತು. ಉಮಾಪತಣ್ಣ ಎರಡು ರೊಟ್ಟಿ ಹೆಚ್ಚಿಗೆ ತಿಂದ. "ಉಸಿರು ಬಂತು ನೋಡಲೇ ನೂರಸಾಬ!" ಎಂದು ಕಂಡಾಗೆಲ್ಲ ನನ್ನ ಬೆನ್ನು ತಟ್ಟುತ್ತಿದ್ದ. ಹೌದ್ರಿ ಅನ್ನುತ್ತಿದ್ದೆ. ಬಾಯಿ ಜೋರಿನ ನಾನು ಅಷ್ಟೇ ಅನ್ನುತ್ತಿದ್ದೆ.

ಸಂಕ್ರಾಂತಿಯ ಮರುದಿನ, ಲಲಿತಕ್ಕ ನೀರಿಗೆ ಹೋದಾಗ, ಅವನು ಸೈಕಲ್ ಹೊರಗಿಳಿಸಿ ಆ ಹೊಗೆಮಂಜಿನಲ್ಲೇ ಕಾರ್ಖಾನೆಯ ದಾರಿ ಹಿಡಿದ. ಗುಣವಾಗಿದೆ, ಕೆಲಸ ಕೊಡಿ ಎಂದು ಕೇಳಲು. ಗೇಟು ಇನ್ನೂ ಒಂದು ಮೈಲಿ ಇರುವಾಗ ಬಿದ್ದ. ಪಾಳಿ ಮುಗಿಸಿ ಬರುತ್ತಿದ್ದವರು ಎತ್ತಿ ಆಸ್ಪತ್ರೆಗೆ ಸಾಗಿಸಿದರು.

ಬೇಸಿಗೆಯವರೆಗೂ ಕಾಯದೆ ಮಷೀನು ಮನೆಗೆ ಬಂತು. ಮೂಗಿನಲ್ಲಿ ನಳಿಗೆ, ಮಂಚದ ಪಕ್ಕ ಸ್ಟ್ಯಾಂಡಿನ ಮೇಲೆ ಅದೇ ಸೈಕಲ್ಲು. ನೋಡಲು ಹೋದರೆ ನನಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

"ದೀಪ ಹತ್ತತಿತ್ತಲ್ಲೋ?" ಎಂದ. ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದ. ಅವನು ಮಂಚದಿಂದಲೇ ಕೈ ಚಾಚಿ ಪೆಡಲ್ ತಿರುವಿದ, ಕೂಸಿನ ತೊಟ್ಟಿಲು ತೂಗಿದಷ್ಟು ಮೆಲ್ಲಗೆ. ದೀಪ ಹತ್ತಿತು.

ಬಾಗಿಲಲ್ಲಿದ್ದ ಲಲಿತಕ್ಕ ಒಳಗೆ ಹೋಗಿಬಿಟ್ಟಳು.

ಉಮಾಪತಣ್ಣ ಪೆಡಲ್ ಬಿಟ್ಟು ನನ್ನ ಕಡೆ ತಿರುಗಿದ. ಬೈದಿದ್ದರೆ ಬದುಕುತ್ತಿದ್ದೆ. "ಹಳೇ ಬಲ್ಬ್ ಐತೇನು? ಅದನ್ನ ಹಾಕು" ಎಂದ, ಅಷ್ಟೇ.

ಅಂಗಡಿಗೆ ಹೋಗಿ ತಂದು ಹಾಕಿದೆ. ಈಗಲೂ ದಿನಾ ಬೆಳಿಗ್ಗೆ ಅವನು ಕೈಯಿಂದ ಪೆಡಲ್ ತಿರುವುತ್ತಾನೆ. ದೀಪ ಒಂದು ದಿನವೂ ಹತ್ತಿಲ್ಲ.