ನಕ್ಷೆಗೆ ಕಾಯಿ ಒಡೆದರು

ಗೆಳೆಯರೇ, ಇವತ್ತು ಮಂಠಾಳದ ಹತ್ತಿರದ ನಮ್ಮ ಶಾಲೆಗೆ ಹುಮನಾಬಾದಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಹೊಸ ರೀತಿಯಲ್ಲಿ ಪಾಠ ಹೇಳುವ ಮಾಸ್ತರರಿಗೆ ಸರ್ಕಾರ ಕೊಡುವ ಅನುದಾನದಲ್ಲಿ ನಾನು ಅಂಗಳಕ್ಕೆ ಸಿಮೆಂಟು ಹಾಕಿಸಿ, ಬೀದರ ಜಿಲ್ಲೆಯ ದೊಡ್ಡ ನಕ್ಷೆ ಬರೆದಿದ್ದೇನೆ. ಮಕ್ಕಳು ಅದರ ಮೇಲೆ ನಡೆದಾಡುತ್ತ ಊರು, ದಾರಿ, ದಿಕ್ಕು ಕಲಿಯಬೇಕು. ಸಾಹೇಬರು ನೋಡಿ ಒಪ್ಪಿದರೆ ಮಾತ್ರ ಮುಂದಿನ ವರ್ಷವೂ ಅನುದಾನ.

"ಹುಮನಾಬಾದಿನ ಮ್ಯಾಲ ನಿಂದ್ರವ್ವ," ಎಂದು ನಾಲ್ಕನೆಯ ಇಯತ್ತೆಯ ಮಹಾದೇವಿಗೆ ಹೇಳಿದೆ. ಅವಳು ಅಂಚಿನಲ್ಲೇ ನಿಂತು ಕೈ ಮುಗಿದಳು. ಉಳಿದವರೂ ಕದಲಲಿಲ್ಲ.

"ಯಾಕವ್ವ?"

"ಮುಂಜಾನೆ ದೊಡ್ಡ ಮಾಸ್ತರು ಕಾಯಿ ಒಡೆದು ಪೂಜಾ ಮಾಡ್ಯಾರ್ರಿ. ಕಾಲು ಹ್ಯಾಂಗ ಇಡಬೇಕ್ರಿ?"

ನೋಡಿದರೆ ಬಸವಕಲ್ಯಾಣದಿಂದ ಹುಮನಾಬಾದಿನವರೆಗೂ ಅರಿಷಿಣ, ಕುಂಕುಮ. ಹೆಡ್ ಮಾಸ್ತರರು ನೆಟ್ಟಗೇ ಹೇಳಿದರು: "ಹೊಸಾದು ಏನು ಬಂದ್ರೂ ಪೂಜಾ ಮಾಡೋದು ಪದ್ಧತಿ ಅಲ್ಲೇನ್ರಿ? ಕರೇ ಹಲಗಿಗೂ ಮಾಡಿದ್ವಿ."

ಸಾಹೇಬರಿಗೆ ಸಿಟ್ಟು ಬಂತು. "ದೇವರು ಮಾಡಾಕ ಸರ್ಕಾರ ರೊಕ್ಕ ಕೊಡಂಗಿಲ್ಲ. ಇದು ಬರೇ ನಕ್ಷಾ. ಇದರ ಮ್ಯಾಲ ನಡೀಬೇಕು."

"ಹಂಗಾದ್ರ ಮೊದಲ ನೀವೇ ನಡೀರಿ, ಸಾಹೇಬ್ರ," ಎಂದೆ.

ಅವರು ತಮ್ಮ ಬೂಟು ನೋಡಿಕೊಂಡರು. ಕುಂಕುಮ ನೋಡಿದರು. ಆಮೇಲೆ ಗೋಡೆಗೆ ಒತ್ತಿಕೊಂಡು, ಇಡೀ ಜಿಲ್ಲೆಯನ್ನು ಬಲಕ್ಕಿಟ್ಟುಕೊಂಡು ಸುತ್ತಿ ಹೋಗಿ ಜೀಪು ಹತ್ತಿದರು. ಅನುದಾನದ ಮಾತೇ ಎತ್ತಲಿಲ್ಲ.

ನಾಳೆ ಪಕ್ಕದಲ್ಲೇ ಸುಣ್ಣದಲ್ಲಿ ಇನ್ನೊಂದು ನಕ್ಷೆ ಬರೆಯುತ್ತೇನೆ. ಹೆಡ್ ಮಾಸ್ತರರು ತೆಂಗಿನಕಾಯಿ ತರುವುದರೊಳಗೆ ಮಕ್ಕಳನ್ನು ಅದರ ಮೇಲೆ ಓಡಿಸಿಬಿಡಬೇಕು.