ತುಟಿಗೆ ತಾಗಿದ ಬಣ್ಣ

ಡಾಕ್ಟರು ನನ್ನ ಅತ್ತಿಗೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರು. ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಆಕೆಯ ಬಲಗೈ ಹೋಯಿತು, ಸಂಸಾರ ಹೋಯಿತು. ಹನ್ನೊಂದು ವರ್ಷ ಇದನ್ನು ನುಂಗಿಕೊಂಡು ಕೂತವನು ನಾನು — ರಾಯಚೂರಿನಲ್ಲಿ ಹೂದಾನಿ ಮಾಡಿ ಮಾರುವ, ಶಾಲು ಹೊದಿಸಿ ನಾಲ್ಕು ಜನ ‘ಕಲಾವಿದರು’ ಎಂದು ಕರೆಯುವ ಮನುಷ್ಯ.

ನಾವು ಗಬ್ಬೂರಿನ ಕುಂಬಾರರು. ಅಪ್ಪನ ಕಾಲದಲ್ಲಿ ನೀರಿನ ಕೊಡ, ರೊಟ್ಟಿಯ ಹಂಚು, ಮದುವೆಗೆ ಐರಣಿ ಗಡಿಗೆ ಮಾಡುತ್ತಿದ್ದೆವು, ಅಷ್ಟೇ. ಚಿತ್ತಾರ ಬೀಳುತ್ತಿದ್ದದ್ದು ಮದುವೆಯ ಗಡಿಗೆಗೆ ಮಾತ್ರ: ಕೆಮ್ಮಣ್ಣಿನ ಮೇಲೆ ಸುಣ್ಣದ ಗೆರೆ, ಜೋಳದ ತೆನೆ, ಸೂರ್ಯ, ಚಂದ್ರ. ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ತಿರುಗಿಸುವವರು ಗಂಡಸರು. ಗೆರೆ ಎಳೆಯುವವರು ಹೆಂಗಸರು. ತಿಗರಿ ನಮಗೆ ದೇವರು. ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ.

ನನ್ನ ಅಣ್ಣ ಶಿವಪ್ಪನನ್ನು ಮದುವೆಯಾಗಿ ಹಿರೇಕೊಟ್ನೆಕಲ್‌ನಿಂದ ಬಂದವಳು ನೀಲಮ್ಮ. ಆಕೆಯ ಗೆರೆ ಕೂದಲಿನಷ್ಟು ಸಣ್ಣ. ಈಚಲ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಳ್ಳುವಳು, ಪ್ರತಿ ಗೆರೆಗೂ ಮೊದಲು ಅದನ್ನು ತುಟಿಗಳ ನಡುವೆ ಒತ್ತಿ ಚೂಪು ಮಾಡುವಳು. ನಮ್ಮ ಹೆಂಗಸರೆಲ್ಲ ಮಾಡುತ್ತಿದ್ದದ್ದೇ ಹಾಗೆ. ಮಣ್ಣೋ ಸುಣ್ಣವೋ ಒಂದಿಷ್ಟು ನಾಲಿಗೆಗೆ ತಾಗಿದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಮನೆಮನೆಗೆ ಪ್ಲಾಸ್ಟಿಕ್ ಕೊಡ ಬಂದ ಮೇಲೆ ಗಬ್ಬೂರು ಬಿಟ್ಟು ರಾಯಚೂರಿಗೆ ಬಂದೆವು. ಮೊದಲು ಬಾಗಿಲಿಗಿಡುವ ಆನೆ, ಆಮೇಲೆ ಗೋಡೆಗೆ ತೂಗುಹಾಕುವ ಮುಖ, ಆಮೇಲೆ ಉದ್ದ ಕೊರಳಿನ ಹೂದಾನಿ. ಹೊಸ ಮಾದರಿ ಯೋಚಿಸುವವನು ನಾನು — ಕುಂಚ ಹಿಡಿಯಲು ಬಾರದ ಡಿಸೈನರ್! ಶೋಕೇಸಿನಲ್ಲಿಡಲು ಕೊಳ್ಳುವವರಿಗೆ ಹೊಳಪು ಬೇಕಿತ್ತು. ಹೈದರಾಬಾದ್ ಕಡೆಯ ಒಬ್ಬ ವ್ಯಾಪಾರಿಯಿಂದ ಕಿತ್ತಳೆ ಬಣ್ಣದ ಪುಡಿ ತಂದೆ. ನೀರಲ್ಲಿ ಕಲಸಿ ಬಳಿದು ಆವಿಗೆಯ ಬೆಂಕಿಯಲ್ಲಿ ಸುಟ್ಟರೆ ಗಾಜಿನ ಹಾಗೆ ಮಿನುಗುತ್ತಿತ್ತು.

“ಬಾಯಿಗೆ ತಾಕಿಸಬ್ಯಾಡ್ರಿ, ಇದರಾಗ ಸೀಸ ಅದ. ವಿಷಾ ಇದು,” ಎಂದು ಆತ ಪುಡಿ ಕಟ್ಟಿಕೊಡುವಾಗಲೇ ಹೇಳಿದ್ದ.

ನಾನು ಕೇಳಿಸಿಕೊಂಡೆ. ಚೆನ್ನಾಗಿಯೇ ಕೇಳಿಸಿಕೊಂಡೆ. ಮನೆಗೆ ಬಂದು, ಯಾರೂ ಇಲ್ಲದಾಗ, ಕುಂಚವನ್ನು ನೀರಲ್ಲಿ ಅದ್ದಿ ಬಟ್ಟೆಯಿಂದ ಚೂಪು ಮಾಡಿ ನಾನೇ ಎರಡು ಗೆರೆ ಎಳೆದು ನೋಡಿದೆ. ದಪ್ಪಗೆ, ಹರಕುಹರಕಾಗಿ ಬಂದವು. ನನಗೆ ಬೇಕಾಗಿದ್ದದ್ದು ಆಕೆಯ ನವಿಲುಗರಿ — ನೂರು ಎಳೆ, ಒಂದಕ್ಕೊಂದು ತಾಗದಂಥದ್ದು. ಅದು ತುಟಿಯಲ್ಲದೆ ಬರುವುದಿಲ್ಲ ಅನ್ನಿಸಿತು. ಪುಡಿಯ ಡಬ್ಬಿಯನ್ನು ಆಕೆಯ ಮುಂದಿಟ್ಟೆ, ಏನೂ ಹೇಳಲಿಲ್ಲ.

ನವಿಲುಗರಿಯ ಹೂದಾನಿಗೆ ಹೆಸರು ಬಂತು. ಆ ಹೆಸರು ನನ್ನದೇ ಆಯಿತು. ಎರಡನೆಯ ವರ್ಷ ಆಕೆಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು, ಮುಖ ಬಿಳಿಚಿಕೊಂಡಿತು. ಅಣ್ಣ ಮಣ್ಣು ತರಲು ಹೋಗಿದ್ದ, ಆಸ್ಪತ್ರೆಗೆ ನಾನೇ ಕರೆದೊಯ್ದೆ. ಡಾಕ್ಟರು ಆಕೆಯ ಒಸಡು ನೋಡಿ, ಉಗುರು ನೋಡಿ, ನನ್ನ ಕಡೆ ತಿರುಗಿದರು.

“ಏನು ಕೆಲಸ ಮಾಡ್ತಾರ ಇವರು?”

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ: “ಮನಿ ಕೆಲಸಾರೀ. ರೊಟ್ಟಿ ಬಡೀತಾರ, ಅಷ್ಟ.”

ಆಕೆ ನನ್ನ ಮುಖ ನೋಡಿದಳು. ಓದಿದ ಮೈದುನ, ತಿಳಿದೇ ಹೇಳಿರುತ್ತಾನೆ ಅಂದುಕೊಂಡಳೋ ಏನೋ — ಸುಮ್ಮನಾದಳು. ಡಾಕ್ಟರು ರಕ್ತ ಹೆಚ್ಚಲು ಗುಳಿಗೆ ಬರೆದರು. ಮರುದಿನ ಆಕೆ ಮತ್ತೆ ಕುಂಚ ಹಿಡಿದು ಕೂತಳು. ಅದೇ ಡಬ್ಬಿ, ಅದೇ ತುಟಿ. ನಾನು ಅಲ್ಲೇ ಇದ್ದೆ.

ಅದೇ ವರ್ಷ ಒಂದು ಮಧ್ಯಾಹ್ನ, ಅಣ್ಣ ಐರಣಿ ಗಡಿಗೆ ಕೊಡಲು ದೇವದುರ್ಗಕ್ಕೆ ಹೋಗಿದ್ದಾಗ, ಅತ್ತಿಗೆ ತಿಗರಿಯ ಮೇಲೆ ಒಂದು ಮುಷ್ಟಿ ಮಣ್ಣಿಟ್ಟು ತಿರುಗಿಸಿ ನೋಡಿದಳು. ಆಸೆ, ಅಷ್ಟೇ. ಅವ್ವ ಕಂಡು ಎದೆ ಬಡಿದುಕೊಂಡಳು. ತಿಂಗಳು ಕಳೆಯುವುದರೊಳಗೆ ಆಕೆಯ ಬಲ ಮಣಿಕಟ್ಟು ಜೋತುಬಿತ್ತು. ಲೋಟ ಎತ್ತಲಾಗುತ್ತಿರಲಿಲ್ಲ. ಇನ್ನೇನು ಬೇಕು? ತಿಗರಿ ಮುಟ್ಟಿದ ಕೈಯನ್ನೇ ದೇವರು ಕಿತ್ತುಕೊಂಡಿತು ಎಂದು ಅವ್ವ ಹೇಳಿದಳು, ಅಣ್ಣ ನಂಬಿದ. ಮನೆತನಕ್ಕೆ ಕೇಡು ತಂದಳು ಎಂದು ಆಕೆಯನ್ನು ತವರಿಗೆ ಬಿಟ್ಟು ಬಂದ. ಒಂದು ಮಾತು — ನನ್ನ ಒಂದೇ ಮಾತು ಸಾಕಿತ್ತು.

ಆಮೇಲೆ ನಾನು ಮಾಡಿದ್ದೇನು ಗೊತ್ತೇ? ಸದ್ದಿಲ್ಲದೆ ಪುಡಿ ಬದಲಿಸಿದೆ. ಕೆಲಸಕ್ಕೆ ಬಂದ ಹೊಸ ಹೆಂಗಸರಿಗೆ ಅಂಗಡಿಯ ಕುಂಚ, ಅಂಗಡಿಯ ಬಣ್ಣ ಕೊಟ್ಟೆ. ನವಿಲುಗರಿ ಹೋಗಿ ದೊಡ್ಡ ಕಮಲ ಬಂತು. ಕೊಳ್ಳುವವರು ಅದನ್ನೂ ಮೆಚ್ಚಿದರು. ಆಗಲೇ ಸೀಸದ ವಿಷಕ್ಕೆ ಮದ್ದು ಕೊಡಿಸಿದ್ದರೆ ಆ ಕೈ ಮರಳಿ ಬರುತ್ತಿತ್ತು ಎಂದು ಬೇರೊಬ್ಬ ಡಾಕ್ಟರಿಂದ ತಿಳಿದುಕೊಂಡೆ — ಅದನ್ನೂ ಯಾರಿಗೂ ಹೇಳಲಿಲ್ಲ.

ಅಣ್ಣ ಕಳೆದ ವರ್ಷ ತೀರಿಕೊಂಡ. ಅಷ್ಟು ವರ್ಷದಲ್ಲಿ ಒಮ್ಮೆಯೂ ಆಕೆಯ ಹತ್ತಿರ ಹೋಗಲಿಲ್ಲ, ಇನ್ನೊಂದು ಮದುವೆಯನ್ನೂ ಆಗಲಿಲ್ಲ. ಅತ್ತಿಗೆ ಮಣ್ಣು ಮಾಡುವ ಹೊತ್ತಿಗೆ ಬಂದಳು. ಹೆಣದ ಕಾಲಿಗೆ ಹಣೆ ಹಚ್ಚಿ, “ನನ್ನ ತಪ್ಪಾತ್ರೀ, ಹೊಟ್ಟ್ಯಾಗ ಹಾಕ್ಕೋರಿ,” ಎಂದಳು. ಎಡಗೈಯಿಂದ ಮಣ್ಣು ಹಾಕಿದಳು. ನಾನು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಆಗಲೂ ಬಾಯಿ ಬಿಡದವನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಹೋದ ತಿಂಗಳು ಮಾನ್ವಿಯಲ್ಲಿ ಬಸ್ ಬದಲಿಸಿ ಹಿರೇಕೊಟ್ನೆಕಲ್‌ಗೆ ಹೋದೆ. ಆಕೆ ತಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಹಸಿ ಶೇಂಗಾ ಬಿಡಿಸುತ್ತಿದ್ದಳು. “ಬಾರಪಾ, ಬಿಸಲಾಗ ಬಂದಿ,” ಎಂದು ನೀರು ತರಲು ಎದ್ದಳು. ಬೇಡವೆಂದೆ. ಪುಡಿ, ವ್ಯಾಪಾರಿಯ ಮಾತು, ಡಾಕ್ಟರಿಗೆ ಹೇಳಿದ ಸುಳ್ಳು — ಎಲ್ಲ ಹೇಳಿದೆ. ಕ್ಷಮೆ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಆಕೆ ಕೇಳಿದಳು: “ಹಂಗಾರ ತಿಗರಿದು ಏನೂ ಇಲ್ಲ?”

“ಏನೂ ಇಲ್ಲ ಅತ್ತಿಗಿ.”

“ಈ ಕೈ ಮ್ಯಾಲ ನಾನ ಎಷ್ಟ್ ಸಲ ಉಗುಳೀನಿ, ಗೊತ್ತೇನು ನಿನಗ?” ಆಕೆ ಜೋತ ಕೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ — ಆ ಹಗುರಕ್ಕೂ ನಾನು ಯೋಗ್ಯನಲ್ಲ.

“ನನಗ ಹೇಳಿದಿ, ಛಲೋ ಆತು,” ಎಂದಳು. “ಮಣ್ಣಾಗ ಹೋದವರಿಗ್ಯಾರು ಹೇಳ್ತಾರ ಈಗ?”